ಕ್ಯಾಮೆರಾ ನೋಡದ ಏಳು ಮೀಟರ್: ಪೈಪ್ ತಪಾಸಣೆ ಗುತ್ತಿಗೆದಾರರ ವಿಮೆಯ ಒಂದು ಪ್ರಕರಣ

ಪೈಪ್ ತಪಾಸಣೆಯವರು ಮಾರುವ ಸರಕು ಒಂದೇ, ವರದಿ. ಪೈಪ್ ಹಾಕುವುದು, ಬದಲಾಯಿಸುವುದು ಬೇರೆಯವರ ಕೆಲಸ. ಇವರು ಕ್ಯಾಮೆರಾ ಬಿಟ್ಟು ಒಳಗೆ ನೋಡುತ್ತಾರೆ, ಕಂಡದ್ದನ್ನು ಬರೆದು ಕೊಡುತ್ತಾರೆ. ಆ ಬರಹವನ್ನು ನಂಬಿ ಇನ್ನೊಬ್ಬರು ದುಡ್ಡು ಹಾಕುತ್ತಾರೆ. ಹೀಗಿದ್ದೂ ವಿಮೆ ಮಾಡಿಸುವಾಗ ವ್ಯಾನು, ಕ್ಯಾಮೆರಾ, ಕೆಲಸದವರು ಇಷ್ಟೇ ನೆನಪಿಗೆ ಬರುತ್ತವೆ. ವರದಿ ಮರೆತುಹೋಗುತ್ತದೆ. ಇಲ್ಲವೇ ಅದಕ್ಕೆ ಮಾಡಿಸಿದ ಪಾಲಿಸಿಯನ್ನು ಯಾರೂ ಸರಿಯಾಗಿ ಓದಿರುವುದಿಲ್ಲ.

ಈ ಪ್ರಕರಣದ ಗುತ್ತಿಗೆದಾರರು ಯಾರೋ ಒಬ್ಬ ವ್ಯಕ್ತಿಯಲ್ಲ. ಈ ಕಸುಬಿನಲ್ಲಿ ಎದುರಾಗುವ ತೊಡಕುಗಳನ್ನು ಒಂದೇ ಕೆಲಸದ ಮೇಲಿಟ್ಟು ಬರೆದಿದ್ದೇನೆ. ಪಾಲಿಸಿಯ ಷರತ್ತುಗಳು, ವಿಮೆ ಕಂಪನಿಗಳು ಹೂಡುವ ವಾದಗಳು ಮಾತ್ರ ನಿಜಕ್ಕೂ ಬಳಕೆಯಲ್ಲಿರುವಂಥವು.

ಕೆಲಸ

ಸಣ್ಣ ವ್ಯವಹಾರ. ಮಾಲೀಕರು, ಇಬ್ಬರು ಆಪರೇಟರ್‌ಗಳು, ಆಫೀಸ್ ನೋಡಿಕೊಳ್ಳುವ ಒಬ್ಬರು. ಒಂದು ವ್ಯಾನು, ಚಕ್ರದ ಮೇಲೆ ಓಡುವ ಒಂದು ಕ್ರಾಲರ್ ಕ್ಯಾಮೆರಾ, ಸಣ್ಣ ಪೈಪಿಗೆ ಕೈಯಲ್ಲಿ ತಳ್ಳುವ ಇನ್ನೊಂದು ಕ್ಯಾಮೆರಾ.

ಒಂದು ವಸತಿ ಸಮುಚ್ಚಯದವರು ತಮ್ಮ ಪಾರ್ಕಿಂಗ್ ಜಾಗಕ್ಕೆ ಹೊಸ ಡಾಂಬರು ಹಾಕಿಸಲು ಹೊರಟಿದ್ದರು. ಅದರ ಕೆಳಗೆ 200 ಮಿಲಿಮೀಟರ್‌ನ ಹಳೆಯ ಸ್ಟೋನ್‌ವೇರ್ (ಸುಟ್ಟ ಮಣ್ಣಿನ) ಒಳಚರಂಡಿ ಪೈಪ್ ಹಾದುಹೋಗಿತ್ತು. ಡಾಂಬರು ಹಾಕಿದ ಮೇಲೆ ಅಗೆಯುವ ಪಾಡು ಬೇಡ, ಮೊದಲೇ ಪೈಪ್ ನೋಡಿಸಿಬಿಡೋಣ ಅಂದುಕೊಂಡರು. ಒಳ್ಳೆಯ ಯೋಚನೆಯೇ. ಎರಡು ಮ್ಯಾನ್‌ಹೋಲ್‌ಗಳ ನಡುವೆ 62 ಮೀಟರ್ ದೂರ.

ಆಪರೇಟರ್ ಕ್ರಾಲರ್ ಇಳಿಸಿದರು. 38ನೇ ಮೀಟರ್ ತನಕ ಎಲ್ಲ ಸ್ಪಷ್ಟವಾಗಿ ಕಂಡಿತು. ಅಲ್ಲಿಂದ ಮುಂದೆ ಪೈಪ್ ಕುಸಿದು ಹೊಟ್ಟೆ ಬಿಟ್ಟಿತ್ತು, ನೀರು ನಿಂತಿತ್ತು. ಲೆನ್ಸ್ ನೀರಿನಲ್ಲಿ ಮುಳುಗಿತು. ಪರದೆ ತುಂಬ ಬರೀ ಕಂದು ಬಣ್ಣ. ಮೂಲೆಯಲ್ಲಿ ದೂರದ ಅಂಕಿ ಮಾತ್ರ ಏರುತ್ತಾ ಹೋಯಿತು: 39, 40, 41. 45ನೇ ಮೀಟರ್‌ನಲ್ಲಿ ಕ್ಯಾಮೆರಾ ನೀರಿನಿಂದ ಮೇಲೆ ಬಂತು. ಆಪರೇಟರ್ ಆ ಜಾಗಕ್ಕೆ ‘ಎಂಸಿಯು’ ಎಂದು ಕೋಡ್ ಹಾಕಿದರು. ಪೈಪಿನೊಳಗೆ ಕಂಡದ್ದನ್ನು ಕೋಡ್‌ಗಳಲ್ಲಿ ದಾಖಲಿಸುವ, ಅಮೆರಿಕದ ನಾಸ್ಕೋ ಸಂಸ್ಥೆಯ ಪಿಎಸಿಪಿ ಪದ್ಧತಿಯಲ್ಲಿ ‘ಕ್ಯಾಮೆರಾ ನೀರಿನಡಿ ಇದೆ’ ಎನ್ನುವ ಕೋಡ್ ಅದು. ಅಂದರೆ ಈ ಏಳು ಮೀಟರ್‌ನಲ್ಲಿ ನನಗೆ ಏನೂ ಕಂಡಿಲ್ಲ ಅಂತ ಆಪರೇಟರ್ ಪ್ರಾಮಾಣಿಕವಾಗಿಯೇ ದಾಖಲಿಸಿದ್ದರು.

ತಪ್ಪು ನಡೆದದ್ದು ಆಫೀಸಿನಲ್ಲಿ. ಪಿಎಸಿಪಿಯಲ್ಲಿ ಪೈಪಿನ ರಚನೆಯ ದೋಷಗಳದ್ದು ಒಂದು ಲೆಕ್ಕ, ನಿರ್ವಹಣೆಯ ತೊಂದರೆಗಳದ್ದು ಇನ್ನೊಂದು. ಎರಡಕ್ಕೂ 1ರಿಂದ 5ರ ತನಕ ದರ್ಜೆ, 5 ಅಂದರೆ ತೀರಾ ಕೆಟ್ಟದ್ದು. ಬಿರುಕು, ಒಡಕು ರಚನೆಯ ಲೆಕ್ಕಕ್ಕೆ ಬರುತ್ತವೆ. ಕ್ಯಾಮೆರಾ ಮುಳುಗಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ರಚನೆಯ ದೋಷ ಸೊನ್ನೆ ಎಂದು ತೋರಿಸಿತು. ಆಫೀಸಿನವರು ಅದನ್ನು ನೋಡಿ ವರದಿಯ ಮೊದಲ ಪುಟದಲ್ಲಿ ಎರಡು ವಾಕ್ಯ ಬರೆದರು: ‘ರಚನೆಯಲ್ಲಿ ದೋಷ ಕಂಡುಬಂದಿಲ್ಲ. ಪೈಪಿನ ಸ್ಥಿತಿ ಉತ್ತಮ.’

ಮೊದಲ ವಾಕ್ಯವನ್ನು ಹೇಗೋ ಸಮರ್ಥಿಸಿಕೊಳ್ಳಬಹುದು. ಎರಡನೆಯದಕ್ಕೆ ಆಧಾರವೇ ಇಲ್ಲ. 62 ಮೀಟರ್‌ನಲ್ಲಿ 55 ಮಾತ್ರ ನೋಡಿದವರು ಇಡೀ ಪೈಪಿನ ಬಗ್ಗೆ ಹಾಗೆ ಬರೆಯುವಂತಿಲ್ಲ, ಅಲ್ವಾ? ಆದರೆ ಗ್ರಾಹಕರು ಓದುವುದು ಮೊದಲ ಪುಟ. ಕೋಡ್‌ಗಳ ಪಟ್ಟಿ ಎಷ್ಟೋ ಪುಟಗಳ ಹಿಂದೆ ಇರುತ್ತದೆ.

ಐದು ತಿಂಗಳ ನಂತರ, ಡಾಂಬರಿಗೆ ಮುಂಚೆ, ಸಮುಚ್ಚಯದ ಮೇಲ್ವಿಚಾರಕರು ವಿಡಿಯೋ ನೋಡಿ ಒಂದು ಇಮೇಲ್ ಹಾಕಿದರು. ‘38ರ ಹತ್ತಿರ ಏನೂ ಕಾಣಿಸುತ್ತಿಲ್ಲ, ಅದು ಹಾಗೇನಾ?’ ಆಫೀಸಿನಿಂದ ಉತ್ತರ ಹೋಯಿತು: ‘ಅಲ್ಲಿ ನೀರು ನಿಂತಿದೆ ಸರ್. ಬೇಕಿದ್ದರೆ ನೀರು ತೆಗೆಸಿ, ಜೆಟ್ಟಿಂಗ್ (ಒತ್ತಡದ ನೀರಿನಿಂದ ತೊಳೆಯುವುದು) ಮಾಡಿಸಿ ಇನ್ನೊಮ್ಮೆ ಕ್ಯಾಮೆರಾ ಬಿಡಬಹುದು.’ ಆಮೇಲೆ ಆ ಕಡೆಯಿಂದ ಸುದ್ದಿ ಇಲ್ಲ. ಡಾಂಬರು ಬಿತ್ತು.

ನೆಲ ಕುಸಿಯಿತು

ತಪಾಸಣೆಯಾಗಿ ಹದಿಮೂರನೇ ತಿಂಗಳಲ್ಲಿ ಜೋರು ಮಳೆ ಬಂತು. ಹೊಸ ಡಾಂಬರಿನ ಮಧ್ಯೆ ಗುಂಡಿ ಬಿತ್ತು. ಅಲ್ಲಿ ನಿಂತಿದ್ದ ಕಾರಿನ ಮುಂದಿನ ಚಕ್ರ ಒಳಗೆ ಇಳಿಯಿತು. ಆ ಏಳು ಮೀಟರ್‌ನೊಳಗೇ ಪೈಪಿನ ಮೇಲ್ಭಾಗ ಒಡೆದಿತ್ತು. ಇಂಥ ಒಡಕಿನಲ್ಲಿ ಸುತ್ತಲಿನ ಮಣ್ಣು ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಪೈಪಿನೊಳಗೆ ಜಾರಿ ಹೋಗುತ್ತದೆ. ಮೇಲೆ ಪೊಳ್ಳು ಬೆಳೆಯುತ್ತದೆ. ಡಾಂಬರಿನ ಪದರ ಆ ಪೊಳ್ಳಿನ ಮೇಲೆ ಕೆಲಕಾಲ ಹಾಗೇ ನಿಂತಿರುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕುಸಿದ ಮಣ್ಣು ಪೈಪನ್ನು ಪೂರ್ತಿ ಮುಚ್ಚಿದ್ದರಿಂದ ಕೊಳಚೆ ಹಿಂದಕ್ಕೆ ಹರಿದು ನೆಲಮಾಳಿಗೆಯ ಉಗ್ರಾಣಕ್ಕೂ ನುಗ್ಗಿತು.

ಸಮುಚ್ಚಯದವರ ವಕೀಲರು ನೋಟಿಸ್ ಕಳಿಸಿದರು. ಡಾಂಬರು ಅಗೆದು ಮತ್ತೆ ಹಾಕುವ ಖರ್ಚು, ಹೊಸ ಪೈಪಿನ ಖರ್ಚು, ಕಾರು, ಉಗ್ರಾಣ ತೊಳೆಸಿದ್ದು, ಹಾಳಾದ ಸಾಮಾನು, ಎಲ್ಲವನ್ನೂ ಕೇಳಿದ್ದರು.

ಜನರಲ್ ಲಯಬಿಲಿಟಿ ಕಂಪನಿಯ ಉತ್ತರ

ಮಾಲೀಕರು ನೋಟಿಸನ್ನು ಅದೇ ದಿನ ವಿಮೆ ಕಂಪನಿಗೆ ಕಳಿಸಿದರು. ಸಮುಚ್ಚಯದವರಿಗೆ ‘ತಪ್ಪಾಯ್ತು’ ಅಂತಲೂ ಹೇಳಲಿಲ್ಲ, ‘ಕೊಡುತ್ತೇವೆ’ ಅಂತಲೂ ಹೇಳಲಿಲ್ಲ. ಇದು ಸರಿಯಾದ ನಡೆ. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಂಡರೆ, ದುಡ್ಡು ಕೊಟ್ಟರೆ ಆ ಭಾಗ ನಿಮ್ಮ ಜೇಬಿನದ್ದೇ ಎಂಬ ಷರತ್ತು ಹೊಣೆಗಾರಿಕೆ ಪಾಲಿಸಿಗಳಲ್ಲಿ ಸಾಮಾನ್ಯ.

ಅವರ ಲೆಕ್ಕಾಚಾರ ಸರಳವಾಗಿತ್ತು. ಬೇರೆಯವರ ಆಸ್ತಿಗೆ ಹಾನಿಯಾಗಿದೆ, ಹಾಗಾದರೆ ಇದು ಜನರಲ್ ಲಯಬಿಲಿಟಿ ಪಾಲಿಸಿಯ ವಿಷಯ. ಕಂಪನಿ ಒಪ್ಪಲಿಲ್ಲ. ಪಾಲಿಸಿಯ ಹಿಂಬದಿಗೆ ಸೇರಿಸಿದ್ದ ಒಂದು ಎಂಡಾರ್ಸ್‌ಮೆಂಟ್, ಅಂದರೆ ಹೆಚ್ಚುವರಿ ಷರತ್ತಿನ ಹಾಳೆ, ತೋರಿಸಿತು: ತಪಾಸಣೆ, ಸರ್ವೆ, ವರದಿ ಇವುಗಳಲ್ಲಿನ ತಪ್ಪಿನಿಂದ ಅಥವಾ ಬಿಟ್ಟುಹೋದದ್ದರಿಂದ ಆಗುವ ಹಾನಿಗೆ ಈ ಪಾಲಿಸಿ ಇಲ್ಲ. ಇದು ಈ ಒಂದು ಕಂಪನಿಯ ಕುತಂತ್ರವೇನಲ್ಲ. ಅಮೆರಿಕದ ಇನ್ಶೂರೆನ್ಸ್ ಸರ್ವಿಸಸ್ ಆಫೀಸ್ ರೂಪಿಸಿದ ಪಾಲಿಸಿ ನಮೂನೆಗಳಲ್ಲಿ ತಪಾಸಣೆ ಮತ್ತು ಸರ್ವೆ ಕಂಪನಿಗಳಿಗೆಂದೇ ಇಂಥದೊಂದು ಇದೆ, ಸಿಜಿ 22 24 ಅಂತ. ತಪಾಸಣೆಯವರ ಪಾಲಿಸಿಗೆ ಇದನ್ನು ಹಚ್ಚುವುದು ವಿಮೆ ಕಂಪನಿಯ ದೃಷ್ಟಿಯಲ್ಲಿ ಸಹಜ. ಆದರೆ ಕೊಳ್ಳುವವರಿಗೆ ಅದು ಎದ್ದು ಕಾಣುವಂತೆ ಹೇಳಬೇಕಾದದ್ದು ಬ್ರೋಕರ್ ಕರ್ತವ್ಯ. ತಪಾಸಣೆ ಬಿಟ್ಟರೆ ಈ ವ್ಯವಹಾರದಲ್ಲಿ ಉಳಿಯುವುದಾದರೂ ಏನು?

ಹಾಗಂತ ಜನರಲ್ ಲಯಬಿಲಿಟಿ ಸುಮ್ನೆ ದಂಡ ಅಂತಲ್ಲ. ದಾರಿಹೋಕರು ಕೇಬಲ್‌ಗೆ ಎಡವಿ ಬಿದ್ದರೆ, ಮ್ಯಾನ್‌ಹೋಲ್ ಮುಚ್ಚಳ ಯಾರದೋ ಕಾಲಿನ ಮೇಲೆ ಬಿದ್ದರೆ ಅದೇ ಬೇಕು. ಅದು ಕೈ ಕೆಲಸದ ಅವಘಡಗಳಿಗೆ, ವರದಿಗೆ ಅಲ್ಲ.

ಉಗ್ರಾಣದ ಕೊಳಚೆಗೆ ಕಂಪನಿ ಎರಡನೇ ಕಾರಣವನ್ನೂ ಕೊಟ್ಟಿತು: ಮಾಲಿನ್ಯ. ಮೇಲೆ ಹೇಳಿದ ಅಮೆರಿಕದ ಪಾಲಿಸಿ ನಮೂನೆಗಳಲ್ಲಿ 1986ರಿಂದ ಮಾಲಿನ್ಯವನ್ನು ಹೊರಗಿಡುವ ಷರತ್ತು ತುಂಬಾ ಬಿಗಿಯಾಗಿದೆ. ಮನೆಯ ಕೊಳಚೆ ನೀರು ಮಾಲಿನ್ಯಕಾರಕವೇ ಎಂಬ ಬಗ್ಗೆ ನ್ಯಾಯಾಲಯಗಳು ಒಂದೇ ರೀತಿ ತೀರ್ಪು ಕೊಟ್ಟಿಲ್ಲ. ಆದರೆ ದಿನವೂ ಒಳಚರಂಡಿಯಲ್ಲೇ ಕೆಲಸ ಮಾಡುವವರು ಆ ವಾದದ ಮೇಲೆ ವ್ಯವಹಾರವನ್ನು ಪಣಕ್ಕಿಡುವುದು ಬೇಡ. ಗುತ್ತಿಗೆದಾರರಿಗೆಂದೇ ಮಾಲಿನ್ಯ ಹೊಣೆಗಾರಿಕೆಯ ಪಾಲಿಸಿ ಸಿಗುತ್ತದೆ. ವೃತ್ತಿ ಹೊಣೆಯ ಪಾಲಿಸಿ ಜೊತೆ ಸೇರಿಸಿಯೂ ಮಾರುತ್ತಾರೆ. ಇವರ ಬಳಿ ಅದಿರಲಿಲ್ಲ.

ವೃತ್ತಿ ಹೊಣೆಯ ಪಾಲಿಸಿ, ಒಂದು ದಿನಾಂಕ

ಉಳಿದದ್ದು ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ವೃತ್ತಿ ಹೊಣೆಯ ಪಾಲಿಸಿ. ವರದಿಯ ತಪ್ಪಿಗೆ ಇರುವುದೇ ಇದು. ಪುಣ್ಯಕ್ಕೆ ಇವರು ಮಾಡಿಸಿದ್ದರು. ಆದರೂ ಮೊದಲ ಉತ್ತರ ‘ಇಲ್ಲ’ ಎಂದೇ ಬಂತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಈ ಕಸುಬಿನಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ ಅಂತ ನನಗನಿಸುತ್ತದೆ. ಜನರಲ್ ಲಯಬಿಲಿಟಿ ಪಾಲಿಸಿ ಸಾಮಾನ್ಯವಾಗಿ ಹಾನಿ ಯಾವಾಗ ಆಯಿತು ಎಂದು ನೋಡುತ್ತದೆ. ಅವತ್ತು ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ಕ್ಲೇಮ್ ವರ್ಷಗಳ ನಂತರ ಬಂದರೂ ಅದೇ ಪಾಲಿಸಿ ನೋಡಿಕೊಳ್ಳುತ್ತದೆ. ವೃತ್ತಿ ಹೊಣೆಯ ಪಾಲಿಸಿ ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ಮಾದರಿಯದು. ಕ್ಲೇಮ್ ನಿಮ್ಮ ಕೈಗೆ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಅಷ್ಟೇ ಸಾಲದು. ತಪ್ಪು ನಡೆದ ದಿನ, ಪಾಲಿಸಿಯಲ್ಲಿ ಬರೆದಿರುವ ರೆಟ್ರೋ ದಿನಾಂಕದ ನಂತರದ್ದೂ ಆಗಿರಬೇಕು. ಅದಕ್ಕಿಂತ ಹಿಂದಿನ ಕೆಲಸಕ್ಕೂ ಆ ಪಾಲಿಸಿಗೂ ಸಂಬಂಧವಿಲ್ಲ.

ಇವರು ತಪಾಸಣೆಯಾದ ಎಂಟನೇ ತಿಂಗಳಲ್ಲಿ ಕಂಪನಿ ಬದಲಾಯಿಸಿದ್ದರು. ಹೊಸ ಕಡೆ ಪ್ರೀಮಿಯಂ ಕಡಿಮೆ ಇತ್ತು. ಹೊಸ ಪಾಲಿಸಿಯ ಶೆಡ್ಯೂಲ್‌ನಲ್ಲಿ (ವಿವರಗಳ ಪುಟದಲ್ಲಿ) ರೆಟ್ರೋ ದಿನಾಂಕದ ಎದುರು ಆ ಪಾಲಿಸಿ ಶುರುವಾದ ದಿನವೇ ಅಚ್ಚಾಗಿತ್ತು. ಅದಕ್ಕೆ ಮುಂಚಿನ ಎಂಟು ತಿಂಗಳ ಕೆಲಸ, ಅದರ ಹಿಂದಿನ ಎಲ್ಲ ವರ್ಷಗಳ ಕೆಲಸ, ಹೊಸ ಪಾಲಿಸಿಯಿಂದ ಹೊರಗೆ. ಹಳೆಯ ಪಾಲಿಸಿ ಮುಗಿದುಹೋಗಿತ್ತು, ಹಾಗಾಗಿ ಅದೂ ಇಲ್ಲ. ಮುಗಿದ ಪಾಲಿಸಿಗೆ ವರದಿ ಅವಧಿಯನ್ನು, ಅಂದರೆ ಕ್ಲೇಮ್ ಬಂದದ್ದನ್ನು ಕಂಪನಿಗೆ ತಿಳಿಸಬಹುದಾದ ಅವಧಿಯನ್ನು, ವಿಸ್ತರಿಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಅದನ್ನು ಪಾಲಿಸಿ ಮುಗಿದ ಮೇಲೆ ಒಂದು ಗಡುವಿನೊಳಗೆ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು. ಇವರ ಗಡುವು ಮೀರಿತ್ತು. ಎರಡೂ ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದರೂ ನಡುವೆ ಬಿರುಕು ಬಿಟ್ಟಿತ್ತು.

ಅವರನ್ನು ಉಳಿಸಿದ್ದು ಬ್ರೋಕರ್ ಇಟ್ಟುಕೊಂಡಿದ್ದ ಪತ್ರವ್ಯವಹಾರ. ಹೊಸ ಕಂಪನಿಗೆ ಪ್ರಪೋಸಲ್ (ವಿಮೆ ಕೋರುವ ಅರ್ಜಿ) ಕಳಿಸುವಾಗ ಹಳೆಯ ಪಾಲಿಸಿಯ ಪ್ರತಿ ಲಗತ್ತಿಸಿ ‘ರೆಟ್ರೋ ದಿನಾಂಕ ಇದರಲ್ಲಿರುವಂತೆಯೇ ಮುಂದುವರಿಯಬೇಕು’ ಎಂದು ಬರೆದಿದ್ದರು. ಕಂಪನಿಯ ಕೊಟೇಶನ್‌ನಲ್ಲೂ ಹಳೆಯ ದಿನಾಂಕವೇ ಇತ್ತು. ಶೆಡ್ಯೂಲ್ ಅಚ್ಚಾಗುವಾಗ ಬದಲಾಗಿತ್ತು. ಪಾಲಿಸಿ ಕೈಗೆ ಬಂದಾಗ ಬ್ರೋಕರ್ ಆಗಲಿ ಮಾಲೀಕರಾಗಲಿ ಅದನ್ನು ನೋಡಿರಲಿಲ್ಲ. ಕಾಗದ ಮುಂದಿಟ್ಟಾಗ ಕಂಪನಿ ದಿನಾಂಕ ತಿದ್ದಿಕೊಟ್ಟಿತು. ಬಾಯಿಮಾತಿನಲ್ಲಿ ಕೇಳಿದ್ದರೆ ಇದು ಆಗುತ್ತಿರಲಿಲ್ಲ.

ಎರಡು ಕಡೆಯೂ ಹರಿತವಾದ ಇಮೇಲ್

ದಿನಾಂಕದ ಗೊಂದಲ ಮುಗಿಯುತ್ತಿದ್ದಂತೆ ಕಂಪನಿ ಇನ್ನೊಂದು ಪ್ರಶ್ನೆ ಎತ್ತಿತು. ಪ್ರಪೋಸಲ್ ಫಾರಂನಲ್ಲಿ ‘ಮುಂದೆ ಕ್ಲೇಮ್‌ಗೆ ಕಾರಣವಾಗಬಹುದಾದ ಯಾವುದಾದರೂ ಸಂಗತಿ ನಿಮಗೆ ಗೊತ್ತಿದೆಯೇ’ ಎಂಬ ಪ್ರಶ್ನೆಗೆ ಇವರು ‘ಇಲ್ಲ’ ಎಂದಿದ್ದರು. ಆದರೆ ಅದಕ್ಕೆ ಮೂರು ತಿಂಗಳ ಮುಂಚೆಯೇ ಮೇಲ್ವಿಚಾರಕರ ಆ ಇಮೇಲ್ ಬಂದಿತ್ತಲ್ಲ?

ಈ ಇಮೇಲ್ ವಿಚಿತ್ರ ಸ್ಥಾನದಲ್ಲಿತ್ತು. ಸಮುಚ್ಚಯದವರ ವಿರುದ್ಧ ಅದು ಗುತ್ತಿಗೆದಾರರ ಬಲವಾದ ಸಾಕ್ಷಿ: ಏಳು ಮೀಟರ್ ಕಂಡಿಲ್ಲ ಎಂದು ನಿಮಗೆ ಗೊತ್ತಿತ್ತು, ಮತ್ತೊಮ್ಮೆ ನೋಡಬಹುದು ಎಂದು ನಾವು ಹೇಳಿದ್ದೆವು, ನೀವು ಬೇಡ ಅಂದಂತೆ ಸುಮ್ಮನಾದಿರಿ. ವಿಮೆ ಕಂಪನಿಯ ಮುಂದೆ ಅದೇ ಇಮೇಲ್ ಅಪಾಯ: ತೊಂದರೆಯ ಸುಳಿವು ಇದ್ದೂ ಮುಚ್ಚಿಟ್ಟಿರಿ. ಒಂದು ಕಡೆ ಅದನ್ನು ದೊಡ್ಡದು ಮಾಡಿದರೆ ಇನ್ನೊಂದು ಕಡೆ ಪೆಟ್ಟು.

ಇಂಥ ಕಡೆ ಕೇಳಬೇಕಾದ ಪ್ರಶ್ನೆ, ಈ ಕಸುಬು ಬಲ್ಲ ಸಾಮಾನ್ಯ ಬುದ್ಧಿಯ ವ್ಯಕ್ತಿ ಆ ಇಮೇಲ್ ಓದಿದಾಗ ಕ್ಲೇಮ್ ಬರಬಹುದು ಎಂದು ಎಣಿಸುತ್ತಿದ್ದನೇ? ಆಗ ಹಾನಿ ಆಗಿರಲಿಲ್ಲ. ದೂರು ಇರಲಿಲ್ಲ. ಗ್ರಾಹಕರು ಒಂದು ಅನುಮಾನ ಕೇಳಿದರು, ಉತ್ತರ ಸಿಕ್ಕಿತು. ಬ್ರೋಕರ್ ಇದನ್ನೇ ಬರೆದರು, ನನಗೂ ಇದು ನ್ಯಾಯವಾದ ಓದು ಅನಿಸುತ್ತದೆ. ಕಂಪನಿ ತನ್ನ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ವಕೀಲರನ್ನು ನೇಮಿಸಲು ಒಪ್ಪಿತು. ಅಂದರೆ ಈಗ ವಾದ ನಡೆಸುತ್ತೇವೆ, ಮುಂದೆ ಬೇರೆ ಸಂಗತಿ ಹೊರಬಿದ್ದರೆ ಹಿಂದೆ ಸರಿಯಬಹುದು ಅಂತ.

ಇದಕ್ಕೆ ಇನ್ನೊಂದು ಮುಖವೂ ಇದೆ. ಗ್ರಾಹಕರು ಮುನಿಸಿಕೊಂಡು ಬರೆದರೆ, ‘ನಿಮ್ಮ ವರದಿ ತಪ್ಪು’ ಅಂದರೆ, ನೋಟಿಸ್ ಬರುವ ತನಕ ಕಾಯಬಾರದು. ಆಗ ಚಾಲ್ತಿಯಲ್ಲಿರುವ ಪಾಲಿಸಿಗೆ ಆ ಸಂಗತಿಯನ್ನು ವರದಿ ಮಾಡಿಬಿಡಬೇಕು. ಅದಕ್ಕೆ ಅವಕಾಶ ಕೊಡುವ ಪಾಲಿಸಿಯಾದರೆ, ಮುಂದೆ ಕ್ಲೇಮ್ ಬಂದಾಗ ಆ ಹಳೆಯ ಪಾಲಿಸಿಯೇ ಹೊಣೆ ಹೊರುತ್ತದೆ. ಪ್ರೀಮಿಯಂ ಏರುತ್ತದೆ ಎಂಬ ಹೆದರಿಕೆಗೆ ಇದನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟದ್ದು ರಿನ್ಯೂವಲ್ ಫಾರಂನಲ್ಲಿ ಸುಳ್ಳಾಗಿ ಕೂರುತ್ತದೆ.

ಯಾರು ಎಷ್ಟು ಕೊಟ್ಟರು

ಮಾತುಕತೆಯಲ್ಲಿ ಮೊದಲು ಬಿದ್ದುಹೋದದ್ದು ಹೊಸ ಪೈಪಿನ ಖರ್ಚು. ಪೈಪ್ ಒಡೆದದ್ದು ಕ್ಯಾಮೆರಾದಿಂದ ಅಲ್ಲ. ತಪಾಸಣೆಯವರು ಅವತ್ತೇ ಒಡಕನ್ನು ಹಿಡಿದಿದ್ದರೂ ಸಮುಚ್ಚಯದವರು ಪೈಪ್ ರಿಪೇರಿಗೆ ಖರ್ಚು ಮಾಡಲೇಬೇಕಿತ್ತು. ವರದಿಯ ತಪ್ಪಿನಿಂದ ಹೆಚ್ಚುವರಿಯಾಗಿ ಏನಾಯಿತು ಎಂಬುದಷ್ಟೇ ಲೆಕ್ಕ: ಹೊಸ ಡಾಂಬರು ಹಾಳಾದದ್ದು, ಕಾರು, ಉಗ್ರಾಣ. ಈ ಒಂದು ವಾದ ನೋಟಿಸಿನ ಮೊತ್ತವನ್ನು ಬಹಳ ಇಳಿಸಿತು. ಇದನ್ನು ಅನುಭವವಿರುವ ವಕೀಲರು ಎತ್ತಿದ್ದು. ವೃತ್ತಿ ಹೊಣೆಯ ಪಾಲಿಸಿಯಿಂದ ಸಿಗುವ ದೊಡ್ಡ ಪ್ರಯೋಜನ ಇಂಥ ವಕೀಲರೇ ಎಂದು ನಾನು ನಂಬುತ್ತೇನೆ.

ಆದರೆ ವಕೀಲರ ಖರ್ಚು ಪುಕ್ಕಟೆ ಅಲ್ಲ. ಇಂಥ ಪಾಲಿಸಿಗಳಲ್ಲಿ ಆ ಖರ್ಚನ್ನು ವಿಮೆಯ ಒಟ್ಟು ಮಿತಿಯಿಂದಲೇ ಕಳೆಯುವುದು ಸಾಮಾನ್ಯ. ವಾದ ಎಳೆದಷ್ಟೂ ಪರಿಹಾರಕ್ಕೆ ಉಳಿಯುವ ದುಡ್ಡು ಕರಗುತ್ತದೆ. ಕ್ಲೇಮಿನ ಮೊದಲ ಒಂದು ನಿಗದಿತ ಮೊತ್ತವನ್ನು ಮಾಲೀಕರೇ ಭರಿಸಬೇಕು. ಅವರ ಪಾಲಿಸಿಯಲ್ಲಿ ಅದು ವಕೀಲರ ಖರ್ಚಿಗೂ ಅನ್ವಯವಾಗುತ್ತಿತ್ತು. ಜೊತೆಗೆ, ಕಂಪನಿ ಸೂಚಿಸಿದ ರಾಜಿಯನ್ನು ನೀವು ಒಪ್ಪದಿದ್ದರೆ ಅದಕ್ಕಿಂತ ಹೆಚ್ಚಾದ ಮೊತ್ತ ನಿಮ್ಮದು ಎಂಬ ಷರತ್ತೂ ಇತ್ತು. ಮಾಲೀಕರಿಗೆ ಕೊನೆ ತನಕ ಹೋರಾಡುವ ಛಲ ಇತ್ತು. ಈ ಷರತ್ತು ಓದಿದ ಮೇಲೆ ರಾಜಿಗೆ ಒಪ್ಪಿದರು.

ಇಮೇಲ್ ಇದ್ದದ್ದರಿಂದ ಸಮುಚ್ಚಯದವರು ಒಂದು ಪಾಲು ಹೊತ್ತರು. ‘ಪೈಪಿನ ಸ್ಥಿತಿ ಉತ್ತಮ’ ಎಂಬ ಸಾಲು ಇದ್ದದ್ದರಿಂದ ಉಳಿದದ್ದು ಗುತ್ತಿಗೆದಾರರ ಕಡೆಗೆ ಬಂತು. ಡಾಂಬರು ಮತ್ತು ಕಾರಿನ ಬಾಬ್ತನ್ನು ವಿಮೆ ಕೊಟ್ಟಿತು. ಉಗ್ರಾಣದ ಕೊಳಚೆಯ ಬಾಬ್ತು ವೃತ್ತಿ ಹೊಣೆಯ ಪಾಲಿಸಿಯಲ್ಲೂ ಮಾಲಿನ್ಯದ ಷರತ್ತಿಗೆ ಸಿಕ್ಕಿಕೊಂಡಿತು. ಅದನ್ನು ಮಾಲೀಕರೇ ಕಂತಿನಲ್ಲಿ ಕಟ್ಟಿದರು. ಸಣ್ಣ ವ್ಯವಹಾರಕ್ಕೆ ಅದು ಸಣ್ಣ ಹೊರೆಯಲ್ಲ.

ಇನ್ನೊಂದು ಎಡವಟ್ಟು ಪಾರಾಗಿದ್ದು ಕೂದಲೆಳೆಯಲ್ಲಿ. ಕೆಲಸದ ಆರ್ಡರ್ ಕೆಳಗೆ, ಏನೇ ಆದರೂ ಎಲ್ಲ ನಷ್ಟವನ್ನು ಗುತ್ತಿಗೆದಾರರೇ ತುಂಬಿಕೊಡಬೇಕು ಎಂಬ ಸಾಲಿಗೆ ಮಾಲೀಕರು ಸಹಿ ಹಾಕಿದ್ದರು. ಕಾನೂನಿನ ಪ್ರಕಾರ ಬರುವ ಹೊಣೆಗಿಂತ ಹೆಚ್ಚಿನದನ್ನು ನೀವಾಗಿ ಕರಾರಿನಲ್ಲಿ ಒಪ್ಪಿಕೊಂಡರೆ, ಆ ಹೆಚ್ಚಿನ ಭಾಗವನ್ನು ವೃತ್ತಿ ಹೊಣೆಯ ಪಾಲಿಸಿ ಸಾಮಾನ್ಯವಾಗಿ ಕೊಡುವುದಿಲ್ಲ. ರಾಜಿಯಾದದ್ದರಿಂದ ಆ ಸಾಲು ಪರೀಕ್ಷೆಗೆ ಬರಲಿಲ್ಲ, ಅಷ್ಟೇ.

ಗುಂಡಿಯೊಳಗೆ ಸಿಕ್ಕಿಬಿದ್ದ ಕ್ರಾಲರ್

ಕುಸಿತದ ಮರುದಿನ ಮತ್ತೆ ಕ್ರಾಲರ್ ಬಿಟ್ಟಾಗ ಅದು ಮಣ್ಣಿನಲ್ಲಿ ಸಿಕ್ಕಿಕೊಂಡಿತು. ಅಗೆದು ತೆಗೆಯಬೇಕಾಯಿತು. ಉಪಕರಣದ ಪಾಲಿಸಿ ಕ್ಯಾಮೆರಾದ ರಿಪೇರಿಗೆ ದುಡ್ಡು ಕೊಟ್ಟಿತು, ಅದೂ ಹಳತಾದ ಲೆಕ್ಕ ಕಳೆದು. ಅಗೆತದ ಖರ್ಚು ಕೊಡಲಿಲ್ಲ. ಬಾಡಿಗೆ ಕ್ಯಾಮೆರಾದ ಖರ್ಚಿಗೆ ಬೇರೆ ಷರತ್ತು ಸೇರಿಸಿರಬೇಕಿತ್ತು, ಸೇರಿಸಿರಲಿಲ್ಲ. ನೆಲದಡಿ ಇರುವಾಗ ಆಗುವ ಹಾನಿಯನ್ನೇ ಹೊರಗಿಡುವ ಉಪಕರಣ ಪಾಲಿಸಿಗಳೂ ಇವೆ. ಪೈಪ್ ಕ್ಯಾಮೆರಾಕ್ಕೆ ಅಂಥದ್ದು ಪ್ರಯೋಜನವಿಲ್ಲ. ವ್ಯಾನಿನ ವಿಮೆ ಇದೆಯಲ್ಲ ಅಂತ ಒಳಗಿನ ಕ್ಯಾಮೆರಾ, ಮಾನಿಟರ್ ಬಗ್ಗೆ ನಿಶ್ಚಿಂತೆ ಬೇಡ. ಅದು ವಾಹನಕ್ಕೆ ಮಾತ್ರ ಸೀಮಿತವಾಗಿರಬಹುದು.

ಆಮೇಲೆ ಬದಲಾದದ್ದು

ವರದಿಯ ಮೊದಲ ಪುಟದಲ್ಲಿ ಈಗ ‘ಸ್ಥಿತಿ ಉತ್ತಮ’ ಎಂಬ ಮಾತೇ ಇಲ್ಲ. ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಮೀಟರ್, ಅದರಲ್ಲಿ ಕಂಡದ್ದೆಷ್ಟು, ಕಾಣದ್ದು ಎಲ್ಲಿಂದ ಎಲ್ಲಿಗೆ ಎಂದು ಬರುತ್ತದೆ. ಕಾಣದ ಭಾಗವಿದ್ದರೆ ಮರುತಪಾಸಣೆಗೆ ಗ್ರಾಹಕರ ಹೌದು ಅಥವಾ ಬೇಡ ಎಂಬ ಲಿಖಿತ ಉತ್ತರ ಬಂದ ಮೇಲೆಯೇ ವರದಿಗೆ ಅಂತಿಮ ಎಂಬ ಮುದ್ರೆ. ಇದರ ಮಹತ್ವ ಡಾಂಬರಿಗಷ್ಟೇ ನಿಲ್ಲುವುದಿಲ್ಲ. 1976ರಲ್ಲಿ ಅಮೆರಿಕದ ಕೆನೋಶಾದಲ್ಲಿ ಒಳಚರಂಡಿ ಪೈಪಿನ ಮಧ್ಯದಿಂದಲೇ ಗ್ಯಾಸ್ ಪೈಪ್ ಹಾದುಹೋಗಿತ್ತು. ಚರಂಡಿ ಸ್ವಚ್ಛ ಮಾಡುವ ಉಪಕರಣ ಅದನ್ನು ತೂತು ಮಾಡಿ ಮನೆ ಸ್ಫೋಟಿಸಿತು. ಇಂಥ ಅಡ್ಡ ಪೈಪ್ ಹುಡುಕುವ ತಪಾಸಣೆಯಲ್ಲಿ ಕಾಣದೆ ಉಳಿದ ಒಂದು ಮೀಟರ್ ಅಂದರೆ ಜೀವಗಳ ಪ್ರಶ್ನೆ. ಅಂಥ ಕೆಲಸ ಹಿಡಿಯುವವರು ಅದನ್ನು ಪ್ರಪೋಸಲ್‌ನಲ್ಲಿ ಬಾಯಿಬಿಟ್ಟು ಬರೆಯಬೇಕು. ‘ಚರಂಡಿ ಕ್ಯಾಮೆರಾ ಕೆಲಸ’ ಅಂತಷ್ಟೇ ಬರೆದು ಬಿಟ್ಟರೆ ಕ್ಲೇಮ್ ದಿನ ತಕರಾರು ಏಳುತ್ತದೆ.

ವಿಮೆಯ ಕಡೆ, ಮಾಲಿನ್ಯ ಮತ್ತು ವೃತ್ತಿ ಹೊಣೆ ಎರಡನ್ನೂ ಒಂದೇ ಕಂಪನಿಯಿಂದ ಒಂದೇ ಪಾಲಿಸಿಯಾಗಿ ತೆಗೆದುಕೊಂಡರು, ಇದು ನಮ್ಮದಲ್ಲ ಅವರದು ಎಂಬ ಹಗ್ಗಜಗ್ಗಾಟ ಇರಬಾರದು ಅಂತ. ಕರಾರಿನಲ್ಲಿ ಹೊಣೆಗೆ ಒಂದು ಮಿತಿ ಬರೆಸಲು ಶುರು ಮಾಡಿದರು. ಎಲ್ಲ ಗ್ರಾಹಕರೂ ಒಪ್ಪುವುದಿಲ್ಲ, ಒಪ್ಪುವವರೂ ಇದ್ದಾರೆ. ಪಾಲಿಸಿ ಕೈಗೆ ಬಂದ ದಿನ ಆಫೀಸಿನವರು ಅದರ ಶೆಡ್ಯೂಲನ್ನು ಕೊಟೇಶನ್ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುತ್ತಾರೆ, ರೆಟ್ರೋ ದಿನಾಂಕ ಮೊದಲು.

ಮಾಲೀಕರು ಕೆಲವೇ ವರ್ಷಗಳಲ್ಲಿ ಕೆಲಸ ನಿಲ್ಲಿಸುವ ಯೋಚನೆಯಲ್ಲಿದ್ದಾರೆ. ವ್ಯಾನು, ಕ್ಯಾಮೆರಾ ಮಾರಿದರೂ ಕೊಟ್ಟ ವರದಿಗಳು ಜನರ ಕೈಯಲ್ಲಿ ಉಳಿಯುತ್ತವೆ. ಕ್ಲೇಮ್ಸ್ ಮೇಡ್ ಪಾಲಿಸಿ ನಿಂತ ದಿನ ಆ ಎಲ್ಲ ವರದಿಗಳ ರಕ್ಷಣೆಯೂ ನಿಲ್ಲುತ್ತದೆ. ಹಾಗಾಗಿ ವ್ಯವಹಾರ ಮುಚ್ಚಿದ ಮೇಲಿನ ವರ್ಷಗಳಿಗೆ ವರದಿ ಅವಧಿ ವಿಸ್ತರಿಸಿಕೊಳ್ಳಲು ಎಷ್ಟಾಗುತ್ತದೆ ಎಂದು ಬ್ರೋಕರ್ ಹತ್ತಿರ ಈಗಲೇ ಲಿಖಿತ ಕೊಟೇಶನ್ ಕೇಳಿದ್ದಾರೆ. ವ್ಯವಹಾರ ಮಾರುವ ಬೆಲೆಯ ಲೆಕ್ಕದಲ್ಲಿ ಆ ಖರ್ಚನ್ನೂ ಸೇರಿಸಿಕೊಂಡಿದ್ದಾರೆ.